ಕಿಲೋಮೀಟರ್ ಅಲ್ಲ, ಗಂಟೆ ಎಣಿಸಿ: ಬೆಂಗಳೂರಿನಲ್ಲಿ ಕಾರು ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

"ಬರೀ 6,000 ಕಿಲೋಮೀಟರ್ ಓಡಿದೆ ಸಾರ್, ಅಷ್ಟಕ್ಕೇ ಸರ್ವೀಸ್ ಯಾಕೆ?"

ನಮ್ಮ ಅಪಾರ್ಟ್‌ಮೆಂಟಿನ ಮೊದಲ ಮಹಡಿಯವರು ಹೀಗೆ ಕೇಳಿದ್ದರು. ಅವರದು ಐದು ವರ್ಷ ಹಳೆಯ ಪೆಟ್ರೋಲ್ ಕಾರು. ವಾರಕ್ಕೆ ಮೂರು ದಿನ ಜಯನಗರದಿಂದ ಮಾರತ್ತಹಳ್ಳಿಗೆ ಹೋಗಿ ಬರುತ್ತಾರೆ. ಉಳಿದ ದಿನ ಕಾರು ಬೇಸ್‌ಮೆಂಟಿನಲ್ಲಿ ನಿಂತಿರುತ್ತದೆ. ದಿನಾ ಬೆಳಿಗ್ಗೆ ಒರೆಸುವವರು ಇದ್ದಾರೆ, ಹಾಗಾಗಿ ನೋಡಲು ಫಳಫಳ. ಆದರೆ ಗ್ಯಾರೇಜಿನ ಮುಖ ನೋಡಿ 22 ತಿಂಗಳಾಗಿತ್ತು.

ಒಂದು ಸಂಜೆ ಅಗರದ ಹತ್ತಿರ ಜಾಮಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಇನ್ನೇನು ಮನೆ ಬಂತಲ್ಲ ಅಂತ ಅವರು ಹಾಗೇ ಓಡಿಸಿಕೊಂಡು ಬಂದರು. ಎಂಜಿನ್ನಿನ ಮೇಲ್ಭಾಗ, ಕೆಳಭಾಗದ ನಡುವೆ ಕೂರುವ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಯಿತು. ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಬಾಟಲಿಯಲ್ಲಿ ಕೂಲಂಟೇ ಇರಲಿಲ್ಲ, ತುಕ್ಕು ಬಣ್ಣದ ಬೋರ್‌ವೆಲ್ ನೀರಿತ್ತು. ಕಡಿಮೆಯಾದಾಗೆಲ್ಲ ಯಾರೋ ನಲ್ಲಿ ನೀರು ತುಂಬಿಸಿದ್ದರು. ಒಂದು ಕ್ಯಾನ್ ಕೂಲಂಟಿನಲ್ಲಿ ಮುಗಿಯುವ ಕೆಲಸಕ್ಕೆ ಎಂಜಿನ್ ಬಿಚ್ಚಬೇಕಾಯಿತು.

ಅವರು ಸೋಮಾರಿಯಲ್ಲ. ಅವರ ಲೆಕ್ಕ ತಪ್ಪಾಗಿತ್ತು, ಅಷ್ಟೇ. ಈ ಊರಿನಲ್ಲಿ ತುಂಬ ಜನ ಅದೇ ತಪ್ಪು ಲೆಕ್ಕದಲ್ಲಿ ಕಾರು ಓಡಿಸುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ನಿಮ್ಮ ಕಾರಿನ ನಿಜವಾದ ದುಡಿಮೆ ಲೆಕ್ಕ ಹಾಕಿ

ಮೀಟರ್ ಬೋರ್ಡ್ ತೋರಿಸುವುದು ಚಕ್ರ ಉರುಳಿದ ದೂರ. ಎಂಜಿನ್ ಉರಿದ ಹೊತ್ತು ಅದರಲ್ಲಿ ಕಾಣುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ 20 ನಿಮಿಷ ನಿಂತರೆ ಕಿಲೋಮೀಟರ್ ಸೊನ್ನೆ. ಎಂಜಿನ್ ಮಾತ್ರ 20 ನಿಮಿಷ ಉರಿದಿರುತ್ತದೆ. ಆಯಿಲ್ ಕಾದಿರುತ್ತದೆ, ಫ್ಯಾನ್ ತಿರುಗಿರುತ್ತದೆ, ಎಸಿ ಕಂಪ್ರೆಸರ್ ಎಳೆದಿರುತ್ತದೆ.

ಲೆಕ್ಕ ಸುಲಭ. ನೀವು ವರ್ಷಕ್ಕೆ 6,000 ಕಿಲೋಮೀಟರ್ ಓಡಿಸುತ್ತೀರಿ, ಸರಾಸರಿ ವೇಗ ಗಂಟೆಗೆ 15 ಅಂತ ಇಟ್ಟುಕೊಳ್ಳಿ. ಎಂಜಿನ್ 400 ಗಂಟೆ ಉರಿಯಿತು. ಹಾಸನದ ಕಡೆ ಹೆದ್ದಾರಿಯಲ್ಲಿ ಗಂಟೆಗೆ 60ರಂತೆ ಓಡಿಸುವವರು 400 ಗಂಟೆಯಲ್ಲಿ 24,000 ಕಿಲೋಮೀಟರ್ ಹೋಗುತ್ತಾರೆ. ಅಷ್ಟು ಓಡಿದ ಕಾರನ್ನು ಯಾರಾದರೂ ಸರ್ವೀಸ್ ಮಾಡಿಸದೆ ಬಿಡುತ್ತಾರಾ? ನಿಂತ ಕಾರಿನ ಹೊರೆ, ಓಡುವ ಕಾರಿನ ಹೊರೆ ಒಂದೇ ಅಲ್ಲ, ನಿಜ. ಆದರೂ ಆಯಿಲಿನ ಆಯುಷ್ಯಕ್ಕೆ ಗಂಟೆಯ ಲೆಕ್ಕವೇ ಹತ್ತಿರದ್ದು. ನಿಮ್ಮ ಕಾರಿನ ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ ತೋರಿಸುವ ಸೌಲಭ್ಯ ಇದ್ದರೆ ಒಂದು ವಾರ ಗಮನಿಸಿ.

ಈಗ ಗ್ಲವ್ ಬಾಕ್ಸಿನಿಂದ ಓನರ್ಸ್ ಮ್ಯಾನ್ಯುಯಲ್ ಹೊರಗೆ ತೆಗೆಯಿರಿ. ತುಂಬ ಕಾರುಗಳಲ್ಲಿ ಅದು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತದೆ. ಸರ್ವೀಸ್ ಪಟ್ಟಿಯಲ್ಲಿ ಸಾಮಾನ್ಯವಾಗಿ "10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು" ಎಂಬ ತರಹ ಬರೆದಿರುತ್ತದೆ. ಆ "ಯಾವುದು ಮೊದಲೋ" ಎಂಬ ಮಾತನ್ನು ನಾವು ಓದುವುದೇ ಇಲ್ಲ. ಅದರ ಕೆಳಗೆ ಕಠಿಣ ಬಳಕೆಯ ಪಟ್ಟಿ ಬೇರೆ ಇರುತ್ತದೆ. ಪದೇ ಪದೇ ನಿಂತು ಹೊರಡುವುದು, ಧೂಳು, ಚಿಕ್ಕ ಚಿಕ್ಕ ಪ್ರಯಾಣ, ಜಾಸ್ತಿ ಹೊತ್ತು ಐಡ್ಲಿಂಗ್, ಅಂದರೆ ನಿಂತಲ್ಲೇ ಎಂಜಿನ್ ಉರಿಯುವುದು. ಅದು ಬೆಂಗಳೂರಿನ ಮಾಮೂಲಿ ದಿನವೇ ಅಲ್ವಾ? ಆಯಿಲ್, ಏರ್ ಫಿಲ್ಟರ್ ವಿಷಯದಲ್ಲಿ ಆ ಎರಡನೇ ಪಟ್ಟಿಯನ್ನೇ ನಿಮ್ಮದು ಅಂದುಕೊಳ್ಳಿ.

ಹಂತ 2: ತಿಂಗಳಿಗೊಂದು ಭಾನುವಾರ, 15 ನಿಮಿಷ ಬಾನೆಟ್ ಎತ್ತಿ

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮಾಡಿ. ಕಾರು ಸಮತಟ್ಟಾದ ಜಾಗದಲ್ಲಿರಲಿ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ಆಯಿಲ್ ನೋಡಿದರೆ ಅಳತೆ ಸರಿ ಬರುವುದಿಲ್ಲ.

ಮೊದಲು ಎಂಜಿನ್ ಆಯಿಲ್. ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತಿನ ಹತ್ತಿರ ಇದ್ದರೆ ಒಳ್ಳೆಯದು, ಅದನ್ನು ದಾಟಬಾರದು. ಬಣ್ಣ ನೋಡಿ ಹೆದರಬೇಡಿ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಹೆದರಬೇಕಾದದ್ದು ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ. ಆಯಿಲಿಗೆ ಕೂಲಂಟ್ ಸೇರುತ್ತಿರಬಹುದು. ಆ ಕಾರನ್ನು ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಮಟ್ಟ ಕಡಿಮೆ ಇದ್ದರೆ ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡನ್ನೇ (ಆಯಿಲ್ ಎಷ್ಟು ದಪ್ಪ ಎಂಬ ಗುರುತು) ಹಾಕಿ. 0ಡಬ್ಲ್ಯೂ-20 ಅಂತ ಇದ್ದರೆ ಅದೇ. "ದಪ್ಪ ಆಯಿಲ್ ಹಾಕಿದ್ರೆ ಎಂಜಿನ್‌ಗೆ ಒಳ್ಳೇದು" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಇವತ್ತಿನ ಎಂಜಿನ್ನಿನ ಸಂದುಗಳು ಸಣ್ಣವು. ದಪ್ಪ ಆಯಿಲ್ ಬೆಳಗಿನ ಚಳಿಯಲ್ಲಿ ಅಲ್ಲಿಗೆ ತಲುಪಲು ತಡವಾಗುತ್ತದೆ.

ಆಮೇಲೆ ಕೂಲಂಟ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಈ ಊರಿನಲ್ಲಿ ಎಂಜಿನ್ ಕೆಡಿಸುವ ದೊಡ್ಡ ಕಾರಣ ಇದು ಅಂತ ನನ್ನ ಅನುಭವ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವುದೇ 90 ಡಿಗ್ರಿಯ ಆಸುಪಾಸಿನಲ್ಲಿ. ಕೂಲಂಟಿನಲ್ಲಿರುವ ಗ್ಲೈಕಾಲ್ ಮತ್ತು ಕ್ಯಾಪ್ ಹಿಡಿದಿಡುವ ಒತ್ತಡ ಸೇರಿ ಕುದಿಯುವ ಬಿಂದುವನ್ನು ಮೇಲಕ್ಕೆ ಒಯ್ಯುತ್ತವೆ. ಮನೆಯ ಕುಕ್ಕರ್ ಕೆಲಸ ಮಾಡುವುದೂ ಇದೇ ತತ್ವದಲ್ಲಿ. ಬರೀ ನೀರು ಹಾಕಿದರೆ ಆ ರಕ್ಷಣೆ ಅರ್ಧ ಹೋಯಿತು. ಅದರ ಮೇಲೆ ನಮ್ಮ ಬೋರ್‌ವೆಲ್ ನೀರು ಗಡಸು. ನಿಮ್ಮ ಮನೆಯ ಗೀಸರಿನ ಕಾಯಿಲ್ ಹೊರಗೆ ತೆಗೆದಾಗ ಬಿಳಿ ಪದರ ಕಟ್ಟಿದ್ದು ನೋಡಿರುತ್ತೀರಿ. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ.

ಬಾಟಲಿಯ ಮೇಲೆ ಮಿನ್, ಮ್ಯಾಕ್ಸ್ ಗೆರೆ ಇರುತ್ತದೆ. ಕಡಿಮೆ ಇದ್ದರೆ ಅದೇ ಬಗೆಯ ರೆಡಿಮಿಕ್ಸ್ ಕೂಲಂಟ್ ಹಾಕಿ. ಬಣ್ಣ ನೋಡಿ ಮಾತ್ರ ಕೊಳ್ಳಬೇಡಿ. ಹಸಿರು, ಗುಲಾಬಿ ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಮ್ಯಾನ್ಯುಯಲ್ ಹೇಳಿದ ಬಗೆ ಮುಖ್ಯ. ತೀರಾ ಅನಿವಾರ್ಯವಾದರೆ ಡಿಸ್ಟಿಲ್ಡ್ ವಾಟರ್ ಹಾಕಿ, ನಲ್ಲಿ ನೀರು ಬೇಡ. ಎರಡು ತಿಂಗಳಿಗೊಮ್ಮೆ ಮಟ್ಟ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ತುಂಬುತ್ತಾ ಕೂರದೆ ಹುಡುಕಿಸಿ. ಕಾದ ಎಂಜಿನ್ನಿನ ಕ್ಯಾಪ್ ತಿರುಗಿಸಲೇಬೇಡಿ. ಬಿಸಿ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ.

ಬ್ರೇಕ್ ಫ್ಲೂಯಿಡ್ ಬಾಟಲಿ ಹೊರಗಿನಿಂದಲೇ ಕಾಣುತ್ತದೆ, ಸುಮ್ನೆ ಮುಚ್ಚಳ ತೆಗೆಯಬೇಡಿ. ಅದು ಗಾಳಿಯ ತೇವ ಹೀರುವ ದ್ರವ. ಮಟ್ಟ ನಿಧಾನವಾಗಿ ಇಳಿದಿದ್ದರೆ ಬ್ರೇಕ್ ಪ್ಯಾಡ್ ಸವೆದಿದೆ ಎಂದರ್ಥ. ಒಮ್ಮೆಲೇ ಇಳಿದಿದ್ದರೆ ಸೋರಿಕೆ, ಕಾರು ಅಲ್ಲಿಂದ ಕದಲಬಾರದು. ವೈಪರ್ ನೀರಿನ ಬಾಟಲಿ ತುಂಬಿಸಿ, ಅಷ್ಟು ಸಾಕು.

ಇನ್ನೊಂದು, ಇಲಿ. ವಾರಗಟ್ಟಲೆ ನಿಂತ ಕಾರಿನ ಎಂಜಿನ್ ಬೆಚ್ಚಗಿನ ಗೂಡು. ಬ್ಯಾಟರಿಯ ಮೇಲೆ ಹಿಕ್ಕೆ, ಬ್ರೆಡ್ ಚೂರು, ಹರಿದ ಬಾನೆಟ್ ಲೈನಿಂಗ್ ಕಂಡರೆ ಅವು ಬಂದಿವೆ. ವೈರ್ ಕಡಿದಿವೆಯಾ ಅಂತ ಟಾರ್ಚ್ ಹಾಕಿ ನೋಡಿ. ಕಸದ ಡಬ್ಬಿಯ ಪಕ್ಕ ಪಾರ್ಕ್ ಮಾಡಬೇಡಿ. ಒಳಗೆ ಬಿಸ್ಕತ್ತು, ಚಿಪ್ಸ್ ಪ್ಯಾಕೆಟ್ ಬಿಡಬೇಡಿ. ಎರಡು ಮೂರು ದಿನಕ್ಕೊಮ್ಮೆ ಕಾರು ತೆಗೆಯುವುದೇ ಎಲ್ಲಕ್ಕಿಂತ ಒಳ್ಳೆಯ ಮದ್ದು.

ಹಂತ 3: ಟೈರು, ಸ್ಟೆಪ್ನಿ ಸಹಿತ

ನಾಲ್ಕು ಅಂಗೈ ಅಗಲದ ರಬ್ಬರ್ ಮಾತ್ರ ನಿಮ್ಮ ಕುಟುಂಬವನ್ನು ರಸ್ತೆಗೆ ಹಿಡಿದಿಟ್ಟಿರುತ್ತದೆ. ಅದಕ್ಕೆ ಕೊಡುವ ಗಮನ ಮಾತ್ರ ಅತಿ ಕಡಿಮೆ.

ಗಾಳಿ ಎಷ್ಟು ಹಾಕಿಸಬೇಕು ಅಂತ ಪೆಟ್ರೋಲ್ ಬಂಕ್ ಹುಡುಗನನ್ನು ಕೇಳಬೇಡಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಇಬ್ಬರು ಕೂತಾಗ ಎಷ್ಟು, ತುಂಬು ಭಾರಕ್ಕೆ ಎಷ್ಟು ಅಂತ ಅದರಲ್ಲಿ ಬರೆದಿದೆ. ಅದು ತಣ್ಣನೆಯ ಟೈರಿನ ಅಳತೆ. ಕಾರು ಓಡಿಸಿಕೊಂಡು ಹೋದ ಮೇಲೆ ಟೈರ್ ಬಿಸಿಯಾಗಿ ಗಾಳಿ ಜಾಸ್ತಿ ತೋರಿಸುತ್ತದೆ. ಹಾಗಾಗಿ ಮನೆಯಲ್ಲೇ ಒಂದು ಗೇಜ್ ಇಟ್ಟುಕೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನೈಟ್ರೋಜನ್‌ಗೆ ದುಡ್ಡು ಕೊಡಲೇಬೇಕೆಂದಿಲ್ಲ. ಮಾಮೂಲಿ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ತಿಂಗಳಿಗೆ ಎರಡು ಸಲ ಗಾಳಿ ನೋಡುವ ಅಭ್ಯಾಸ ಅದಕ್ಕಿಂತ ದೊಡ್ಡದು.

ಊರೊಳಗೆ ಕಡಿಮೆ ಗಾಳಿಯಲ್ಲಿ ಹೇಗೋ ನಡೆದುಬಿಡುತ್ತದೆ, ಗೊತ್ತೇ ಆಗುವುದಿಲ್ಲ. ಅದೇ ಟೈರಿನಲ್ಲಿ ಮೈಸೂರು ಹೆದ್ದಾರಿಗೆ ಹೋದಾಗ ನಿಜ ಹೊರಗೆ ಬರುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಆ ವೇಗದಲ್ಲಿ ಗಾಳಿ ಕಡಿಮೆ ಇರುವ ಟೈರಿನ ಪಕ್ಕೆ ಒಂದೇ ಸಮನೆ ಮಡಚಿ ಬಿಡಿಸಿಕೊಳ್ಳುತ್ತದೆ, ಕಾಯುತ್ತದೆ, ಕೊನೆಗೆ ಸಿಡಿಯುತ್ತದೆ. ಮದುವೆಗೋ ಊರಹಬ್ಬಕ್ಕೋ ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಹೊರಡುವ ಹಿಂದಿನ ದಿನ ಗಾಳಿಯನ್ನು ತುಂಬು ಭಾರದ ಅಳತೆಗೆ ತನ್ನಿ.

ಟೈರಿನ ಗೆರೆಗಳ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೂ ಓಡಿಸುವಂತಿಲ್ಲ. ಗೆರೆಯ ತಳದಲ್ಲಿ ಅಲ್ಲಲ್ಲಿ ಚಿಕ್ಕ ದಿಬ್ಬ ಇರುತ್ತದೆ. ಟೈರ್ ಸವೆದು ಆ ದಿಬ್ಬಕ್ಕೆ ಸಮವಾದರೆ ಅದರ ಕಾಲ ಮುಗಿಯಿತು. ಮಳೆಗಾಲಕ್ಕೆ ಅಷ್ಟು ದೂರ ಕಾಯಬಾರದು, 3 ಮಿಲಿಮೀಟರ್‌ಗೇ ಬದಲಿಸಿ ಅಂತ ನಾನು ಹೇಳುತ್ತೇನೆ.

ಕಡಿಮೆ ಓಡುವ ಕಾರಿನವರು ನೋಡಬೇಕಾದದ್ದು ವಯಸ್ಸು. ಟೈರಿನ ಪಕ್ಕೆಯಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3519 ಅಂತಿದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಗೆರೆ ಆಳವಾಗಿಯೇ ಇದ್ದರೂ ಆರು ವರ್ಷ ದಾಟಿದ ಟೈರನ್ನು ತಿಳಿದವರಿಗೆ ತೋರಿಸಿ. ಪಕ್ಕೆಯಲ್ಲಿ ಸಣ್ಣ ಬಿರುಕು ಅಥವಾ ಉಬ್ಬು ಕಂಡರೆ ಯೋಚನೆಯೇ ಬೇಡ, ಬದಲಿಸಿ. ಉಬ್ಬು ಬರುವುದು ಗುಂಡಿಗೆ ಜೋರಾಗಿ ಬಿದ್ದಾಗ, ಒಳಗಿನ ದಾರ ಹರಿದು.

5,000 ಕಿಲೋಮೀಟರ್‌ಗೊಮ್ಮೆ ವೀಲ್ ಅಲೈನ್‌ಮೆಂಟ್ ನೋಡಿಸಿ. ನಮ್ಮ ರಸ್ತೆಯ ಗುಂಡಿ, ಹೇಳದೇ ಕೇಳದೇ ಬರುವ ಹಂಪ್ ಎರಡೂ ಅದನ್ನು ಕೆಡಿಸುತ್ತವೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಒಂದು ಕಡೆ ಎಳೆಯುತ್ತಿದ್ದರೆ ಆ ಲೆಕ್ಕಕ್ಕೂ ಕಾಯಬೇಡಿ.

ಮತ್ತೆ ಸ್ಟೆಪ್ನಿ. ಡಿಕ್ಕಿಯ ಚಾಪೆ ಎತ್ತಿ ಅದಕ್ಕೂ ಗಾಳಿ ಹಾಕಿಸಿ. ಜಾಕಿ, ಸ್ಪ್ಯಾನರ್ ಜಾಗದಲ್ಲಿವೆಯಾ ನೋಡಿ. ಒಂದು ರಜಾ ದಿನ ಮನೆಯ ಮುಂದೆಯೇ ಒಮ್ಮೆ ಚಕ್ರ ಬಿಚ್ಚಿ ಹಾಕಿ. ಮನೆಯಲ್ಲಿ ಯಾರು ಯಾರು ಓಡಿಸುತ್ತಾರೋ ಎಲ್ಲರೂ ಕಲಿಯಲಿ. ರಾತ್ರಿ ಹತ್ತು ಗಂಟೆಗೆ ನೈಸ್ ರಸ್ತೆಯ ಪಕ್ಕದಲ್ಲಿ ಕಲಿಯುವ ವಿದ್ಯೆ ಅಲ್ಲ ಅದು.

ಹಂತ 4: ಬ್ಯಾಟರಿ

ಮನೆಯಿಂದ ಕೆಲಸ ಮಾಡುವವರ ಕಾರುಗಳಲ್ಲಿ ಮೊದಲು ಕೈ ಕೊಡುವುದು ಇದೇ. ಬೆಳಿಗ್ಗೆ ಸೆಲ್ಫ್ ಹೊಡೆದರೆ "ಟಿಕ್ ಟಿಕ್" ಅಷ್ಟೇ. ವಾರಕ್ಕೊಮ್ಮೆ ಐದು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಬ್ಯಾಟರಿ ಉಳಿಯುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಸೆಲ್ಫ್ ತೆಗೆದುಕೊಂಡ ಕರೆಂಟ್ ವಾಪಸ್ ತುಂಬಲು ಐದು ನಿಮಿಷ ಸಾಲುವುದಿಲ್ಲ. ಅರ್ಧ ಗಂಟೆ ಓಡಿಸಿ. ಬೆಳಿಗ್ಗೆ ಬೇಗ ತರಕಾರಿ ಮಾರ್ಕೆಟ್ಟಿಗೆ ಹೋಗಿ ಬನ್ನಿ, ಬ್ರೇಕಿನ ತುಕ್ಕೂ ಹೋಗುತ್ತದೆ.

ಒಂದು ಚಿಕ್ಕ ಮಲ್ಟಿಮೀಟರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12ಕ್ಕೆ ಇಳಿದಿದ್ದರೆ ಚಾರ್ಜ್ ಮಾಡಿಸಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ಒಳಗೆ ಬರಬೇಕು. ಇಲ್ಲದಿದ್ದರೆ ತೊಂದರೆ ಬ್ಯಾಟರಿಯದ್ದಲ್ಲ, ಎಂಜಿನ್ ಓಡುವಾಗ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್‌ನದ್ದು ಇರಬಹುದು. ಇದನ್ನು ನೋಡದೆ ಹೊಸ ಬ್ಯಾಟರಿ ಕೊಂಡು ಒಂದು ತಿಂಗಳಿಗೆ ಅದೂ ಸತ್ತಿದ್ದನ್ನು ನಾನು ಕಂಡಿದ್ದೇನೆ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಒಣಗಿದ ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಹಂತ 5: ಬ್ರೇಕ್, ಕ್ಲಚ್

ಬ್ರೇಕ್ ತುಳಿದಾಗ ಕೀಚ್ ಅಂತ ಸದ್ದು ಬಂದರೆ ಪ್ಯಾಡ್ ಸವೆದಿರಬಹುದು. ಗರಗರ ಅಂತ ಉಜ್ಜುವ ಸದ್ದು ಬಂದರೆ ಪ್ಯಾಡ್ ಮುಗಿದು ಕಬ್ಬಿಣ ಡಿಸ್ಕನ್ನು ತಿನ್ನುತ್ತಿದೆ. ಮೊದಲನೇ ಸದ್ದಿಗೇ ಹೋದರೆ ಪ್ಯಾಡಿನ ಖರ್ಚು ಮಾತ್ರ. ಎರಡನೆಯದಕ್ಕೆ ಡಿಸ್ಕಿನ ಖರ್ಚೂ ಸೇರುತ್ತದೆ.

ಬ್ರೇಕ್ ಫ್ಲೂಯಿಡನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ತೇವ ಹೀರಿದ ಫ್ಲೂಯಿಡ್ ಕಡಿಮೆ ಬಿಸಿಗೇ ಕುದಿಯುತ್ತದೆ. ನಂದಿ ಬೆಟ್ಟದಿಂದ ಇಳಿಯುವಾಗ ಒಂದೇ ಸಮನೆ ಬ್ರೇಕ್ ಒತ್ತಿದರೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗುವುದು ಇದರಿಂದಲೇ. ಬೆಟ್ಟ ಹತ್ತಿದ ಗೇರಿನಲ್ಲೇ ಇಳಿಯಿರಿ, ವೇಗ ಹಿಡಿಯುವ ಕೆಲಸ ಎಂಜಿನ್ ಮಾಡಲಿ. ಶಿರಾಡಿ, ಚಾರ್ಮಾಡಿ ಘಾಟಿಗೂ ಇದೇ ಮಾತು.

ಕ್ಲಚ್ ಕೆಡುವುದು ನಮ್ಮ ಎಡಗಾಲಿನಿಂದ. ಫ್ಲೈಓವರಿನ ಏರಿನಲ್ಲಿ ಬ್ರೇಕ್ ಬಿಟ್ಟು ಹಾಫ್ ಕ್ಲಚ್ಚಿನಲ್ಲಿ ಕಾರನ್ನು ನಿಲ್ಲಿಸಿಕೊಳ್ಳುವವರನ್ನು ದಿನಾ ನೋಡುತ್ತೇನೆ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಸಿಗ್ನಲ್ ಅರ್ಧ ನಿಮಿಷಕ್ಕಿಂತ ಜಾಸ್ತಿ ಇದ್ದರೆ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಮುಂದಿನ ಕಾರು ಒಂದು ಅಡಿ ಸರಿದಾಗೆಲ್ಲ ನೀವೂ ಸರಿಯಬೇಕಿಲ್ಲ. ಎರಡು ಕಾರಿನಷ್ಟು ಜಾಗ ಬಿಟ್ಟು ಮೊದಲ ಗೇರಿನಲ್ಲಿ ಒಮ್ಮೆಗೇ ಹೋಗಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಹಂತ 6: ಯುಗಾದಿ ಹೊತ್ತಿಗೆ ಮಳೆಯ ತಯಾರಿ

ವರ್ಷದಲ್ಲಿ ಎರಡು ದಿನ ನೆನಪಿಟ್ಟುಕೊಂಡರೆ ಸಾಕು, ಯುಗಾದಿ ಮತ್ತು ಆಯುಧಪೂಜೆ. ಒಂದು ಮಳೆಗೆ ಮುಂಚೆ, ಇನ್ನೊಂದು ಮಳೆ ಇಳಿಯುವ ಹೊತ್ತಿಗೆ.

ಏಪ್ರಿಲ್, ಮೇನಲ್ಲಿ ಗುಡುಗು ಮಳೆ ಶುರುವಾಗುತ್ತದೆ. ಅದಕ್ಕೂ ಮುಂಚೆ ವೈಪರ್ ಬ್ಲೇಡ್ ಬದಲಿಸಿ. ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಗಾಜಿನ ಮೇಲೆ ಗೆರೆ ಎಳೆಯುತ್ತಿರುತ್ತದೆ. ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್ ಎಲ್ಲ ನೋಡಿ. ಬ್ರೇಕ್ ಲೈಟನ್ನು ಒಬ್ಬರೇ ಇದ್ದಾಗ ಗೋಡೆಗೆ ಹಿಂದು ಮಾಡಿ ನಿಲ್ಲಿಸಿ ಕನ್ನಡಿಯಲ್ಲಿ ನೋಡಬಹುದು.

ಇನ್ನೊಂದು ಜಾಗವನ್ನು ಗ್ಯಾರೇಜಿನವರೂ ಮರೆಯುತ್ತಾರೆ. ಮುಂದಿನ ಗಾಜಿನ ಕೆಳಗೆ, ವೈಪರ್ ಕೂರುವಲ್ಲಿ, ಪ್ಲಾಸ್ಟಿಕ್ ಜಾಲರಿ ಇದೆ. ಮಳೆನೀರು ಅದರ ಮೂಲಕ ಹೊರಗೆ ಹರಿದು ಹೋಗುವ ದಾರಿ. ನಮ್ಮ ಊರಿನ ರಸ್ತೆಗಳಲ್ಲಿ ಹೊಂಗೆ, ಮಳೆಮರ, ಗುಲ್‌ಮೊಹರ್. ನೆರಳಿಗೆ ಅಂತ ಕೆಳಗೆ ನಿಲ್ಲಿಸುತ್ತೇವೆ. ಹೊಂಗೆಯ ಹೂ, ಪುಡಿ ಎಲೆ ಎಲ್ಲ ಆ ಜಾಲರಿಯೊಳಗೆ ಇಳಿದು ಗೊಬ್ಬರವಾಗುತ್ತದೆ. ದಾರಿ ಕಟ್ಟಿದ ಮೇಲೆ ನೀರು ಕಾರಿನೊಳಗೆ, ಕಾಲಡಿಗೆ ಬರುತ್ತದೆ. ಕಾರ್ಪೆಟ್ ಒದ್ದೆ, ವಾಸನೆ, ಅದರ ಕೆಳಗಿನ ವೈರಿಂಗಿಗೆ ತುಕ್ಕು. ಕೈಯಲ್ಲಿ ಎಲೆ ತೆಗೆದು ಒಂದು ಮಗ್ ನೀರು ಹೊಯ್ದು, ಕೆಳಗೆ ಹರಿಯುತ್ತದಾ ನೋಡಿ. ಸನ್‌ರೂಫ್ ಇದ್ದರೆ ಅದರ ಮೂಲೆಯ ತೂತುಗಳಿಗೂ ಹೀಗೇ ಮಾಡಬೇಕು.

ಏರ್ ಫಿಲ್ಟರನ್ನೂ ಈಗಲೇ ತೆಗೆದು ನೋಡಿ. ಮೆಟ್ರೋ ಕಾಮಗಾರಿ ನಡೆಯುವ ರಸ್ತೆಯಲ್ಲಿ ದಿನಾ ಓಡಾಡುವವರ ಫಿಲ್ಟರ್ ಬೇಗ ಕಟ್ಟುತ್ತದೆ. ಎಸಿಯ ಕ್ಯಾಬಿನ್ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲವ್ ಬಾಕ್ಸಿನ ಹಿಂದೆ ಇರುತ್ತದೆ, ಸ್ಕ್ರೂ ಡ್ರೈವರ್ ಕೂಡ ಬೇಡ. ಮಕ್ಕಳು ಕಾರಿನಲ್ಲಿ ಕೂತ ಕೂಡಲೇ ಸೀನಲು ಶುರು ಮಾಡಿದರೆ ಮೊದಲು ಅದನ್ನು ತೆಗೆದು ನೋಡಿ.

ಹಂತ 7: ರಸ್ತೆಯಲ್ಲಿ ನೀರು ನಿಂತಿದ್ದರೆ

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕಾರುಗಳು ಮುಳುಗಿದ್ದು ನೆನಪಿದೆಯಲ್ಲ. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ನೀರಿಗಿಳಿದ ಕಾರಿನಲ್ಲಿದ್ದ ಒಬ್ಬ ಯುವತಿ ಜೀವ ಕಳೆದುಕೊಂಡರು. ನೀರು ತುಂಬಿದ ಅಂಡರ್‌ಪಾಸಿಗೆ ಇಳಿಯಬೇಡಿ. ಮುಂದಿನ ಬಸ್ ಹೋಯಿತು ಅಂತ ನೀವು ಹೋಗಬೇಡಿ. ಬಸ್ಸಿನ ಎತ್ತರ ಬೇರೆ, ನಿಮ್ಮ ಕಾರಿನ ಎತ್ತರ ಬೇರೆ.

ರಸ್ತೆಯ ನೀರು ಅರ್ಧ ಚಕ್ರಕ್ಕಿಂತ ಮೇಲಿದ್ದರೆ ವಾಪಸ್ ತಿರುಗಿ. ಅದಕ್ಕಿಂತ ಕಡಿಮೆ ಇದ್ದು ಹೋಗಲೇಬೇಕಾದರೆ ಮೊದಲ ಗೇರಿನಲ್ಲಿ, ಒಂದೇ ವೇಗದಲ್ಲಿ, ಅಲೆ ಏಳದ ಹಾಗೆ ಹೋಗಿ. ದಾಟಿದ ಮೇಲೆ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ.

ನೀರಿನ ನಡುವೆ ಎಂಜಿನ್ ಆಫ್ ಆದರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಇದೊಂದನ್ನು ಮನೆಯವರಿಗೆಲ್ಲ ಹೇಳಿಕೊಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಸಿಲಿಂಡರಿಗೆ ನೀರು ಹೊಕ್ಕಿದ್ದಾಗ ಎಂಜಿನ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ನೀವು ಸುರಕ್ಷಿತವಾಗಿ ಇಳಿಯಿರಿ. ಆಮೇಲೆ ಕಾರನ್ನು ಟೋ ಮಾಡಿಸಿ. ಬೇಸ್‌ಮೆಂಟಿನಲ್ಲಿ ಮುಳುಗಿದ ಕಾರಿಗೂ ಇದೇ ನಿಯಮ. ನೀರು ಇಳಿದ ಮೇಲೆ ಒಮ್ಮೆ ನೋಡೋಣ ಅಂತ ಕೀ ತಿರುಗಿಸಬೇಡಿ. ನೀರು ಹೊಕ್ಕ ಎಂಜಿನ್ನಿಗೆ ಮಾಮೂಲಿ ಕಾಂಪ್ರಿಹೆನ್ಸಿವ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಆಡ್-ಆನ್ ಬೇಕು. ತಗ್ಗು ಪ್ರದೇಶದಲ್ಲಿ ಮನೆ ಇರುವವರು ರಿನ್ಯೂವಲ್ ಮಾಡುವಾಗ ಕೇಳಿ ಹಾಕಿಸಿಕೊಳ್ಳಿ.

ಹಂತ 8: ಆಯುಧಪೂಜೆಗೆ ದೊಡ್ಡ ತಪಾಸಣೆ

ಆ ದಿನ ಕಾರು ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತೇವೆ. ದುಡಿಯುವ ವಸ್ತುವಿಗೆ ವರ್ಷಕ್ಕೊಮ್ಮೆ ಕೈ ಮುಗಿಯುವುದು ನಮ್ಮ ಕಡೆಯ ಒಳ್ಳೆಯ ಪದ್ಧತಿ. ವರ್ಷದ ಸರ್ವೀಸನ್ನೂ ಅದರ ಹಿಂದಿನ ವಾರಕ್ಕೆ ಇಟ್ಟುಕೊಳ್ಳಿ. ಸಾಲು ರಜೆಗೆ ಗ್ಯಾರೇಜುಗಳು ತುಂಬಿರುತ್ತವೆ, ಮುಂಚೆಯೇ ಹೇಳಿಡಿ.

ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ, ನೀವೂ ಕೆಳಗೆ ನಿಂತು ನೋಡಿ. ಮಳೆಗಾಲದ ಕೆಸರು ಕಟ್ಟಿದ ಜಾಗ, ತುಕ್ಕು, ಹರಿದ ರಬ್ಬರ್ ಬೂಟ್, ಸೋರುವ ಶಾಕ್ ಅಬ್ಸಾರ್ಬರ್. ಗುಂಡಿಯಲ್ಲಿ ಇಳಿದಾಗ ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ ಸಸ್ಪೆನ್ಷನ್ ಬುಷ್ ಅಥವಾ ಲಿಂಕ್ ರಾಡ್ ನೋಡಿಸಿ. ಮೆಕ್ಯಾನಿಕ್ ಜೊತೆ ಒಂದು ಸುತ್ತು ಹೋಗಿ ಆ ಸದ್ದನ್ನು ಕೇಳಿಸುವುದು ಮಾತಿನಲ್ಲಿ ವಿವರಿಸುವುದಕ್ಕಿಂತ ಮೇಲು.

ಎಂಜಿನ್ನಿನ ವಾಲ್ವ್, ಪಿಸ್ಟನ್ ತಾಳ ತಪ್ಪದ ಹಾಗೆ ನೋಡಿಕೊಳ್ಳಲು ನಿಮ್ಮ ಕಾರಿನಲ್ಲಿ ಟೈಮಿಂಗ್ ಚೈನ್ ಇದೆಯಾ, ಬೆಲ್ಟ್ ಇದೆಯಾ ತಿಳಿದುಕೊಳ್ಳಿ. ಬೆಲ್ಟ್ ಆದರೆ ಅದಕ್ಕೆ ಗಡುವು ಇರುತ್ತದೆ, ಮೀರಬೇಡಿ. ತುಂಬ ಎಂಜಿನ್‌ಗಳಲ್ಲಿ ಅದು ತುಂಡಾದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಡೀಸೆಲ್ ಕಾರಿನವರಿಗೆ ಒಂದು ಮಾತು. ಅದರ ಎಕ್ಸಾಸ್ಟ್‌ನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಆ ಮಸಿ ಸುಟ್ಟು ಹೋಗಲು ಎಕ್ಸಾಸ್ಟ್ ಚೆನ್ನಾಗಿ ಕಾಯಬೇಕು. ಬರೀ ಮಲ್ಲೇಶ್ವರದಿಂದ ರಾಜಾಜಿನಗರಕ್ಕೆ ಓಡಿಸುತ್ತಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಆಗಾಗ ದೇವನಹಳ್ಳಿ ಕಡೆಗೋ ನೆಲಮಂಗಲದ ಆಚೆಗೋ ಅರ್ಧ ಗಂಟೆ ಒಂದೇ ವೇಗದಲ್ಲಿ ಹೋಗಿ ಬನ್ನಿ. ನಿಮ್ಮ ಓಡಾಟ ಪೂರ್ತಿ ಊರೊಳಗೇ ಆಗಿದ್ದರೆ ಮುಂದಿನ ಕಾರು ಡೀಸೆಲ್ ಬೇಡ.

ಹಂತ 9: ಡ್ಯಾಶ್‌ಬೋರ್ಡಿನ ದೀಪ ಓದಲು ಕಲಿಯಿರಿ

ಕೆಂಪು ದೀಪ ಅಂದರೆ ಈಗಲೇ. ಹಳದಿ ಅಂದರೆ ಬೇಗ. ಎಣ್ಣೆ ಗಿಂಡಿಯ ಹಾಗಿರುವ ಕೆಂಪು ಚಿತ್ರ ಓಡುವಾಗ ಹೊತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಆಯಿಲ್ ಒತ್ತಡ ಇಲ್ಲದೆ ಎಂಜಿನ್ ನಿಮಿಷಗಳಲ್ಲಿ ಹಾಳಾಗುತ್ತದೆ. ಹಳದಿ ಎಂಜಿನ್ ದೀಪ ಸುಮ್ಮನೆ ಹೊತ್ತಿದ್ದರೆ ಮೆಲ್ಲಗೆ ಗ್ಯಾರೇಜಿಗೆ ಹೋಗಬಹುದು, ಮಿಟುಕುತ್ತಿದ್ದರೆ ಓಡಿಸಬೇಡಿ.

ಟೆಂಪರೇಚರ್ ಏರುತ್ತಿದೆ, ನೀವು ಜಾಮಿನ ನಡುವೆ ಇದ್ದೀರಿ. ಎಸಿ ಆಫ್ ಮಾಡಿ. ಹೀಟರ್ ಪೂರ್ತಿ ಹಾಕಿ, ಫ್ಯಾನ್ ಜೋರಾಗಿಡಿ, ಗಾಜು ಇಳಿಸಿ. ಸೆಕೆಯಾಗುತ್ತದೆ, ಆದರೆ ಎಂಜಿನ್ನಿನ ಬಿಸಿ ಆ ದಾರಿಯಲ್ಲೂ ಸ್ವಲ್ಪ ಹೊರಗೆ ಬರುತ್ತದೆ. ಪಕ್ಕಕ್ಕೆ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಆಫ್ ಮಾಡಿ, ಅರ್ಧ ಗಂಟೆಯಾದರೂ ಕಾಯಿರಿ. ಮೇಲೆ ತಣ್ಣೀರು ಸುರಿಯಬೇಡಿ. ಹೆದ್ದಾರಿಯಲ್ಲಿ ಸರಿ ಇದ್ದು ಜಾಮಿನಲ್ಲಿ ಮಾತ್ರ ಕಾಯುತ್ತಿದ್ದರೆ ರೇಡಿಯೇಟರ್ ಫ್ಯಾನ್ ಅಥವಾ ಅದರ ರಿಲೇ ಮೇಲೆ ಮೊದಲು ಅನುಮಾನ ಪಡಿ. ಓಡುವಾಗ ಎದುರುಗಾಳಿ ಮಾಡುವ ಕೆಲಸವನ್ನು ನಿಂತಾಗ ಆ ಫ್ಯಾನೇ ಮಾಡಬೇಕು.

ಹಂತ 10: ಗ್ಯಾರೇಜಿನಲ್ಲಿ ಮಾತಾಡುವುದು

ಎಲ್ಲ ಗ್ಯಾರೇಜಿನವರೂ ಮೋಸ ಮಾಡುತ್ತಾರೆ ಅನ್ನುವುದು ತಪ್ಪು. ಏನೂ ಕೇಳದೆ ಕೀ ಕೊಟ್ಟು ಬರುವುದೂ ತಪ್ಪು. ಕೆಲಸ ಶುರು ಮಾಡುವ ಮುಂಚೆ ಎಸ್ಟಿಮೇಟ್ ಬರೆಸಿಕೊಳ್ಳಿ. ಎಂಜಿನ್ ಫ್ಲಶ್, ಕೋಟಿಂಗ್, ಎಸಿ ಡಿಸ್‌ಇನ್‌ಫೆಕ್ಷನ್ ಮುಂತಾದವು ಪಟ್ಟಿಯಲ್ಲಿದ್ದರೆ "ಮ್ಯಾನ್ಯುಯಲ್‌ನಲ್ಲಿ ಇದೆಯಾ?" ಅಂತ ಒಂದೇ ಪ್ರಶ್ನೆ ಕೇಳಿ. ಬದಲಿಸಿದ ಹಳೆಯ ಭಾಗವನ್ನು ತೋರಿಸಲು ಮೊದಲೇ ಹೇಳಿ. ಆಯಿಲ್ ಡಬ್ಬಿಯನ್ನು ನಿಮ್ಮ ಎದುರಿಗೇ ಒಡೆಸಿ.

ಹಳೆಯ ಕಾರಿನವರು ಜೆ.ಸಿ. ರಸ್ತೆಯಿಂದ ಸ್ಪೇರ್ ತಂದು ಮನೆ ಹತ್ತಿರದ ಮೆಕ್ಯಾನಿಕ್ ಕೈಯಲ್ಲಿ ಹಾಕಿಸುವುದು ಒಳ್ಳೆಯ ದಾರಿ, ಬಿಲ್ ಸಿಗುವುದಾದರೆ. ಬ್ರೇಕ್ ಪ್ಯಾಡ್, ಆಯಿಲ್ ಫಿಲ್ಟರ್ ವಿಷಯದಲ್ಲಿ ಅಗ್ಗದ್ದಕ್ಕೆ ಹೋಗಬೇಡಿ. ಸೀಟ್ ಕವರ್ ಬೇಕಾದರೆ ಅಗ್ಗದ್ದು ತನ್ನಿ.

ಹಂತ 11: ಒಂದು ಚಿಕ್ಕ ನೋಟ್‌ಬುಕ್

ಗ್ಲವ್ ಬಾಕ್ಸಿನಲ್ಲಿ 40 ಪುಟದ ಒಂದು ನೋಟ್‌ಬುಕ್ ಇಡಿ. ತಾರೀಖು, ಕಿಲೋಮೀಟರ್, ಏನು ಮಾಡಿಸಿದಿರಿ, ಎಷ್ಟಾಯಿತು. ಕೊನೆಯ ಪುಟದಲ್ಲಿ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಟೈರು, ಬ್ಯಾಟರಿ, ಬ್ರೇಕ್ ಫ್ಲೂಯಿಡ್ ಇವುಗಳ ಗಡುವು. ಕಾರು ಮಾರುವಾಗ ಆ ಪುಸ್ತಕ ತೋರಿಸಿದರೆ ಕೊಳ್ಳುವವರು ಚೌಕಾಸಿ ಕಡಿಮೆ ಮಾಡುತ್ತಾರೆ.

ಮೊದಲ ಮಹಡಿಯವರು ಈಗ ಹಾಗೆ ಬರೆದಿಡುತ್ತಿದ್ದಾರೆ. ಕಿಲೋಮೀಟರ್ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಗಂಟೆಯ ಕಾಲಂ ಮಾಡಿಕೊಂಡಿದ್ದಾರೆ. ಪ್ರತಿ 200 ಗಂಟೆಗೆ ಆಯಿಲ್ ಬದಲಿಸುತ್ತಾರೆ. ಹೋದ ಸಲ ಬದಲಿಸಿದಾಗ ಮೀಟರ್ ಮೇಲೆ ಜಾಸ್ತಿಯಾಗಿದ್ದದ್ದು 3,100 ಕಿಲೋಮೀಟರ್. ಇಳಿದ ಆಯಿಲನ್ನು ಬೆರಳಿಗೆ ಹಚ್ಚಿ ನೋಡಿದ ಮೆಕ್ಯಾನಿಕ್, "ಸರಿಯಾದ ಟೈಮಿಗೆ ಬಂದಿದ್ದೀರಿ ಸಾರ್" ಅಂದನಂತೆ.